ಕಲ್ಪಾದ ಅಕ್ಟೋಬರ್

ಹಿಮಾಚಲ ಪ್ರದೇಶದ ಕಿನ್ನೌರಿನಲ್ಲಿ ವಾಂಗ್ತು ದಾಟಿದರೆ ಮುಂಗಾರಿನ ಹಂಗು ತೀರಿತು. ಶಿಮ್ಲಾ ಕಡೆಯಿಂದ ಬಂದು ಸಟ್ಲೆಜ್ ನದಿಯ ಪಕ್ಕ ಹಿಡಿಯುವ ಹಿಂದೂಸ್ತಾನ್–ಟಿಬೆಟ್ ರಸ್ತೆ ರಾಮಪುರದವರೆಗೂ ಹಸಿರು ಗುಡ್ಡಗಳ ನಡುವೆಯೇ ಸಾಗುತ್ತದೆ. ಅಲ್ಲಿಂದ ಮುಂದೆ ಬೆಟ್ಟಗಳು ಬೋಳಾಗುತ್ತವೆ, ಕಣಿವೆ ಆಳವಾಗುತ್ತದೆ. ಕಿನ್ನೌರ್ ಜಿಲ್ಲೆಯೊಳಕ್ಕೆ ಬಂದ ಮೇಲೆ ಮಳೆಮೋಡಗಳು ಹಿಂದೆಯೇ ಉಳಿಯುತ್ತವೆ. ಇಲ್ಲಿನ ನೆಲಕ್ಕೆ ತೇವ ಸಿಗುವುದು ಬಹುಪಾಲು ಚಳಿಗಾಲದ ಹಿಮದಿಂದ. ಈ ಒಣ ಇಳಿಜಾರುಗಳಲ್ಲಿ, ಸುಮಾರು ಎರಡರಿಂದ ಮೂರು ಸಾವಿರ ಮೀಟರ್ ಎತ್ತರದಲ್ಲಿ, ಬಂಡೆಯ ಬಿರುಕಿಗೇ ಬೇರಿಳಿಸಿ ನಿಂತ ಮರವೊಂದು ಕಣ್ಣಿಗೆ ಬೀಳತೊಡಗುತ್ತದೆ. ಅದರ ತೊಗಟೆ ತೆಳ್ಳನೆಯ ಹಕ್ಕಳೆಗಳಾಗಿ ಉದುರುತ್ತದೆ. ಉದುರಿದಲ್ಲೆಲ್ಲ ಬೂದು ಮತ್ತು ತಿಳಿಹಸಿರು ಮಚ್ಚೆ. ಎಲೆಗಳೆಂದರೆ ಮೂರು ಮೂರಾಗಿ ಕೂಡಿದ ಗಟ್ಟಿ ಸೂಜಿಗಳು. ಇದೇ ಚಿಲ್ಗೋಜಾ ಪೈನ್. ಕಿನ್ನೌರಿನವರ ಬಾಯಲ್ಲಿ ನ್ಯೋಜಾ. ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನದ ಗುಡ್ಡಗಾಡು, ವಾಯವ್ಯ ಹಿಮಾಲಯದ ನಮ್ಮ ಕೆಲವೇ ಕಣಿವೆಗಳು: ಇದು ತಾನಾಗಿ ಬೆಳೆಯುವ ಜಾಗ ಜಗತ್ತಿನಲ್ಲಿ ಬಹುಮಟ್ಟಿಗೆ ಇಷ್ಟೇ.

ಹೂವಿಲ್ಲದೆ, ಹಣ್ಣಿಲ್ಲದೆ ಬೀಜ ಕಟ್ಟುವ ಮರಗಳನ್ನು ಅವುಗಳ ಕೆಲಸದ ಹೊತ್ತಿನಲ್ಲೇ ನೋಡಬೇಕೆಂಬ ಆಸೆ ನನ್ನನ್ನು ಇಲ್ಲಿಗೆ ಕರೆತಂದಿತ್ತು. ಅದಕ್ಕೆ ಅಕ್ಟೋಬರಿನಷ್ಟು ಒಳ್ಳೆಯ ತಿಂಗಳು ಇಲ್ಲ. ಜಿಲ್ಲಾಕೇಂದ್ರ ರೆಕಾಂಗ್ ಪಿಯೋದಿಂದ ಕಲ್ಪಾಕ್ಕೆ ತಿರುವು ತಿರುವಾಗಿ ಏರುವ ರಸ್ತೆಯ ಎರಡೂ ಬದಿಗೆ ದೇವದಾರು ಮತ್ತು ಚಿಲ್ಗೋಜಾ ಅಕ್ಕಪಕ್ಕದಲ್ಲೇ ಇವೆ. ಅಕ್ಟೋಬರಿನಲ್ಲಿ ದೇವದಾರು ಮುಂದಿನ ವರ್ಷದ ಬೀಜಕ್ಕಾಗಿ ಪರಾಗ ತೂರುತ್ತಿರುತ್ತದೆ. ಚಿಲ್ಗೋಜಾ ಕಳೆದ ವರ್ಷದ ಬೇಸಿಗೆಯಲ್ಲಿ ಆರಂಭಿಸಿದ ಬೀಜವನ್ನು ಈಗ ಮಾಗಿಸಿ ಮುಗಿಸಿರುತ್ತದೆ. ಒಂದೇ ಇಳಿಜಾರಿನಲ್ಲಿ ಆರಂಭವನ್ನೂ ಮುಕ್ತಾಯವನ್ನೂ ನೋಡಬಹುದು.

ಕಲ್ಪಾ ಸುಮಾರು 2,960 ಮೀಟರ್ ಎತ್ತರದ ಹಳ್ಳಿ. ಹಿಂದೆ ಇದರ ಹೆಸರು ಚೀನಿ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಹಿಮ ಬೀಳುವ ಮುಂಚೆಯೇ ಮುಗಿಯಲೆಂದು ದೇಶದ ಉಳಿದ ಭಾಗಕ್ಕಿಂತ ತಿಂಗಳುಗಳ ಮೊದಲೇ, 1951ರ ಅಕ್ಟೋಬರಿನಲ್ಲಿ, ಇಲ್ಲಿ ಮತದಾನ ನಡೆಯಿತು. ಅಂದು ಮೊದಲ ಮತ ಹಾಕಿದ ಶ್ಯಾಮ್ ಶರಣ್ ನೇಗಿ ಇದೇ ಊರಿನವರು. ಹಿಮಕ್ಕಿಂತ ಮೊದಲು ಮುಗಿಸಬೇಕೆಂಬ ಅವಸರ ಈ ಕಣಿವೆಯ ಎಲ್ಲ ಕೆಲಸಗಳಲ್ಲೂ ಇದೆ. ಸೇಬು ಪೆಟ್ಟಿಗೆ ತುಂಬುವುದು, ಚಾವಣಿಯ ಮೇಲೆ ಹುಲ್ಲು ಒಟ್ಟುವುದು, ಕಟ್ಟಿಗೆ ಸೀಳುವುದು. ಕಣಿವೆಯ ಆಚೆ ದಡದಲ್ಲಿ ಕಿನ್ನರ ಕೈಲಾಸದ ಶಿಖರಗಳು ಆಗಲೇ ಹೊಸ ಹಿಮ ಹೊದ್ದಿದ್ದವು.

ಬೆಳಿಗ್ಗೆ ಬಿಸಿಲು ಏರಿ ಸೂಜಿಗಳ ಮೇಲಿನ ಇಬ್ಬನಿ ಆರಿದ ಮೇಲೆ ಊರ ಮೇಲಿನ ದೇವದಾರು ತೋಪಿಗೆ ಹೋದೆ. ಗಾಳಿ ಒಮ್ಮೆ ಬೀಸಿತು. ಕೊಂಬೆಗಳಿಂದ ತಿಳಿಹಳದಿ ಧೂಳು ಎದ್ದು, ಬಿಸಿಲಿನ ಕೋಲುಗಳಲ್ಲಿ ಮಿಂಚಿ, ಕಣಿವೆಯ ಕಡೆ ತೇಲಿಹೋಯಿತು. ಇನ್ನೊಮ್ಮೆ ಬೀಸಿತು, ಮತ್ತೆ ಧೂಳು. ನನ್ನ ತೋಳು, ಚೀಲ, ಕಾಲ್ದಾರಿಯ ಕಲ್ಲು ಎಲ್ಲದರ ಮೇಲೂ ಅದೇ ಪುಡಿ. ಕೊಂಬೆಗಳ ಮೇಲೆ ಬೆರಳುದ್ದದ ಗಂಡು ಶಂಕುಗಳು ಸಾಲಾಗಿ ನೆಟ್ಟಗೆ ನಿಂತಿದ್ದವು. ಪರಾಗ ಚೆಲ್ಲಿ ಮುಗಿಸಿದವು ಉದುರಿ ನೆಲವನ್ನೇ ಮುಚ್ಚಿದ್ದವು. ಒಂದು ಮರ ಚೆಲ್ಲುವ ಪರಾಗದಲ್ಲಿ ಎಷ್ಟೋ ಕೋಟಿ ಕಣಗಳು ಬಂಡೆಗೆ, ಹೊಳೆಗೆ, ಮನೆಯ ಮಾಡಿಗೆ ಬಿದ್ದು ಹೋಗುತ್ತವೆ. ಜೇನುನೊಣವನ್ನು ಕರೆಯುವ ಬಣ್ಣವಾಗಲಿ ಮಕರಂದವಾಗಲಿ ಈ ಮರಗಳಿಗಿಲ್ಲ. ಇವು ನಂಬಿರುವುದು ಗಾಳಿಯೊಂದನ್ನೇ. ಸಮುದ್ರದ ಮೇಲೆ 40 ಕಿಲೋಮೀಟರ್ ದೂರ ತೇಲಿಹೋದ ಪೈನ್ ಪರಾಗವೂ ಮೊಳೆಯಬಲ್ಲದೆಂದು ಅಮೆರಿಕದ ಪೈನ್ ಕಾಡುಗಳ ಬಗ್ಗೆ ನಡೆದ ಸಂಶೋಧನೆ ತೋರಿಸಿದೆ.

ನನ್ನ ಚೀಲದಲ್ಲಿ ಫೋಲ್ಡ್‌ಸ್ಕೋಪ್ ಇತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ. ತೋಳಿನ ಮೇಲಿನ ಪುಡಿಯನ್ನೇ ಒಂದು ಚಿಟಿಕೆ ಗಾಜಿನ ಪಟ್ಟಿಗೆ ತಾಗಿಸಿ ಸೂರ್ಯನ ಕಡೆ ಹಿಡಿದೆ. ಧೂಳು ಎನಿಸಿದ್ದು ಧೂಳಾಗಿ ಉಳಿಯಲಿಲ್ಲ. ಒಂದೊಂದು ಕಣದ ನಡುವೆ ದುಂಡನೆಯ ಮೈ, ಅದರ ಎರಡೂ ಪಕ್ಕಕ್ಕೆ ಉಬ್ಬಿದ ಎರಡು ಚೀಲ. ಚೀಲಗಳಲ್ಲಿ ಇರುವುದು ಗಾಳಿ. ಎಲ್ಲ ಕಣಗಳೂ ಹಾಗೆಯೇ, ಒಂದೇ ಅಚ್ಚು. ಬಹಳ ಹೊತ್ತು ಅಲ್ಲೇ ನಿಂತು ನೋಡಿದೆ.

ಈ ಚೀಲಗಳು ಹಾರುವುದಕ್ಕೆ ಎಂದು ಯಾರಿಗಾದರೂ ತೋಚುತ್ತದೆ. ಆದರೆ ಪೈನ್ ಮರಗಳಲ್ಲಿ ಇವುಗಳಿಗೆ ಇನ್ನೂ ಸೊಗಸಾದ ಕೆಲಸವಿದೆ. ಹೆಣ್ಣು ಶಂಕು ಮೊದಲು ಕಾಣಿಸಿಕೊಳ್ಳುವಾಗ ಉಗುರಿನಷ್ಟು ಚಿಕ್ಕದು. ಸಾಮಾನ್ಯವಾಗಿ ಮರದ ಮೇಲಿನ ಕೊಂಬೆಗಳಲ್ಲಿ ಅದು, ಕೆಳಗಿನ ಕೊಂಬೆಗಳಲ್ಲಿ ಗಂಡು. ತನ್ನದೇ ಪರಾಗ ತನ್ನ ಮೇಲೆ ಬೀಳುವುದು ಇದರಿಂದ ಕಡಿಮೆಯಾಗುತ್ತದೆ. ಆ ಪುಟ್ಟ ಶಂಕುವಿನಲ್ಲಿ ಹಲ್ಲೆ ಹಲ್ಲೆಯಾಗಿ ಶಲ್ಕಗಳು, ಪ್ರತಿ ಶಲ್ಕದ ಬುಡದಲ್ಲಿ ಎರಡು ಅಂಡಕಗಳು. ಅಂಡಕದ ಬಾಯಿ ಶಂಕುವಿನ ನಡುದಿಂಡಿನ ಕಡೆಗೆ ತಿರುಗಿರುವುದರಿಂದ, ನೆಟ್ಟಗೆ ನಿಂತ ಶಂಕುವಿನಲ್ಲಿ ಅದು ಕೆಳಮುಖ. ಪರಾಗದ ಹೊತ್ತಿಗೆ ಆ ಬಾಯಿಯಿಂದ ಒಂದು ಹನಿ ದ್ರವ ಹೊರಬಂದು ಅಲ್ಲೇ ನಿಲ್ಲುತ್ತದೆ. ಗಾಳಿ ತಂದ ಕಣ ಆ ಹನಿಗೆ ಸಿಕ್ಕಿದೊಡನೆ, ಹಳ್ಳಿಯ ಬಾವಿಯಲ್ಲಿ ಈಜು ಕಲಿಯುವ ಹುಡುಗನನ್ನು ಬೆನ್ನಿಗೆ ಕಟ್ಟಿದ ಸೋರೆಬುರುಡೆ ಎತ್ತಿ ಹಿಡಿಯುವ ಹಾಗೆ, ಎರಡು ಗಾಳಿಚೀಲಗಳು ಅದನ್ನು ಮೇಲಕ್ಕೆ ತೇಲಿಸುತ್ತವೆ. ಮೇಲಿರುವುದು ಅಂಡಕದ ಬಾಯಿಯೇ. ಹನಿ ಒಳಕ್ಕೆ ಹೀರಿಕೊಂಡಾಗ ಕಣವೂ ಒಳಗೆ ಸೇರುತ್ತದೆ. ಆಮೇಲೆ ಶಲ್ಕಗಳು ದಪ್ಪವಾಗಿ ಒಂದಕ್ಕೊಂದು ಒತ್ತಿ ಶಂಕು ಮುಚ್ಚಿಕೊಳ್ಳುತ್ತದೆ.

ಮುಚ್ಚಿದ ಶಂಕುವಿನೊಳಗೆ ನಡೆಯುವುದು ನನಗೆ ಈ ಇಡೀ ವೃತ್ತಾಂತದ ಅತಿ ದೊಡ್ಡ ಬೆರಗು. ಪರಾಗ ಬಂದು ತಲುಪಿದೆ. ಆದರೆ ಅದು ಕೂಡಬೇಕಾದ ಅಂಡಾಣು ಇನ್ನೂ ಹುಟ್ಟೇ ಇಲ್ಲ. ಪರಾಗಕಣ ಒಂದು ನಾಳವನ್ನು ಚಾಚಿ, ಅಂಡಕದ ಅಂಗಾಂಶದೊಳಗೆ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಬೇಸಿಗೆ ಮುಗಿಯುತ್ತದೆ, ಹಿಮ ಬೀಳುತ್ತದೆ, ಕರಗುತ್ತದೆ. ಅಷ್ಟರಲ್ಲಿ ಅಂಡಕದೊಳಗೆ ಒಂದು ಕೋಶ ಒಡೆದು ನಾಲ್ಕಾಗಿ, ಅವುಗಳಲ್ಲಿ ಮೂರು ಸತ್ತು, ಉಳಿದ ಒಂದು ನಿಧಾನವಾಗಿ ಬೆಳೆಯುತ್ತದೆ. ಅದರ ನ್ಯೂಕ್ಲಿಯಸ್ ಒಡೆದು ಒಡೆದು, ನಡುವೆ ಗೋಡೆಗಳೇ ಇಲ್ಲದೆ ಸುಮಾರು ಎರಡು ಸಾವಿರವಾಗುತ್ತದೆ. ಆಮೇಲೆ ಗೋಡೆಗಳು ಎದ್ದು ಅದೊಂದು ಪುಟ್ಟ ಹೆಣ್ಣು ಸಸ್ಯವೇ ಆಗುತ್ತದೆ. ಬೇರಿಲ್ಲ, ಎಲೆಯಿಲ್ಲ, ಬೆಳಕನ್ನು ಎಂದೂ ಕಾಣುವುದಿಲ್ಲ. ತಾಯಿಮರದ ಒಂದು ಶಲ್ಕದ ಮೇಲೆ ಅದರ ಬಾಳೆಲ್ಲ. ಈ ಸಸ್ಯದ ತುದಿಯಲ್ಲಿ ಕೊನೆಗೆ ಅಂಡಾಣುಗಳು ಮೂಡುತ್ತವೆ. ಆಗ ತಡೆದು ನಿಂತಿದ್ದ ಪರಾಗನಾಳ ಮತ್ತೆ ಮುಂದುವರಿಯುತ್ತದೆ. ಪೈನ್‌ಗಳಲ್ಲಿ ಪರಾಗಸ್ಪರ್ಶಕ್ಕೂ ನಿಷೇಚನಕ್ಕೂ ನಡುವೆ ಹೀಗೆ ಒಂದು ವರ್ಷಕ್ಕೂ ಮಿಕ್ಕಿದ ಅಂತರ. ದಾಸವಾಳದಲ್ಲೋ ಬೆಂಡೆಯಲ್ಲೋ ಇದು ಗಂಟೆ, ದಿನಗಳಲ್ಲಿ ಮುಗಿಯುತ್ತದೆ.

ಶಂಕುವಿನೊಳಗಿನ ಈ ವೃತ್ತಾಂತವನ್ನು ಮೊದಲು ಬಿಡಿಸಿ ಹೇಳಿದವರಲ್ಲಿ ಮುಖ್ಯನಾದವನು ಜರ್ಮನಿಯ ವಿಲ್ಹೆಲ್ಮ್ ಹೋಫ್‌ಮೈಸ್ಟರ್. ಇವನಿಗಿಂತ ಮೊದಲು, 1820ರ ದಶಕದಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್ ಈ ಮರಗಳ ಅಂಡಕಕ್ಕೆ ಸುತ್ತಲೂ ಅಂಡಾಶಯದ ಹೊದಿಕೆಯಿಲ್ಲ, ಅದು ತೆರೆದೇ ಇದೆ ಎಂದು ಗುರುತಿಸಿದ್ದ. ಅನಾವೃತ ಬೀಜಸಸ್ಯಗಳು ಎಂದು ನಮ್ಮ ಪಠ್ಯಪುಸ್ತಕಗಳು ಕರೆಯುವುದು ಇದೇ ಕಾರಣಕ್ಕೆ. ಹೋಫ್‌ಮೈಸ್ಟರ್ ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ. ಲೈಪ್‌ಸಿಗ್‌ನಲ್ಲಿ ತಂದೆಯ ಸಂಗೀತ ಪುಸ್ತಕಗಳ ವ್ಯಾಪಾರ ನೋಡಿಕೊಳ್ಳುತ್ತ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದ. ದೂರದ್ದು ಕಾಣದ ಕಣ್ಣು ಅವನದು. ಹಾವಸೆ, ಜರೀಗಿಡ, ಶಂಕುಮರ ಇವೆಲ್ಲದರ ಬಾಳಿನಲ್ಲಿ ಎರಡು ತಲೆಮಾರುಗಳು ಒಂದಾದ ಮೇಲೊಂದು ಬರುತ್ತವೆ, ಶಂಕುಮರದಲ್ಲಿ ಎರಡನೆಯ ತಲೆಮಾರು ಅಂಡಕದೊಳಗೇ ಅಡಗಿದೆ ಎಂದು 1851ರಲ್ಲಿ ಅವನು ಪ್ರಕಟಿಸಿದ. ಡಾರ್ವಿನ್ನನ ಪುಸ್ತಕ ಬಂದದ್ದು ಅದಾದ ಎಂಟು ವರ್ಷಕ್ಕೆ. ಹೋಫ್‌ಮೈಸ್ಟರನ ಹೆಸರು ನಮ್ಮ ಶಾಲೆಗಳಲ್ಲಿ ಕೇಳಿಸುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ದೇವದಾರು ತೋಪಿನಲ್ಲಿ ಇನ್ನೊಂದು ನೋಟವೂ ಕಾದಿತ್ತು. ಕಳೆದ ವರ್ಷದ ಪರಾಗದಿಂದ ಬೆಳೆದ ಪೀಪಾಯಿ ಆಕಾರದ ಹೆಣ್ಣು ಶಂಕುಗಳು ಮಾಗಿ ಕೊಂಬೆಯ ಮೇಲೆಯೇ ಬಿಚ್ಚಿಕೊಳ್ಳುತ್ತಿದ್ದವು. ಪೈನ್ ಶಂಕು ಇಡಿಯಾಗಿ ನೆಲಕ್ಕೆ ಬೀಳುತ್ತದೆ. ದೇವದಾರುವಿನದು ಹಾಗಲ್ಲ. ಬೀಸಣಿಗೆಯಂಥ ಶಲ್ಕಗಳು ಒಂದೊಂದಾಗಿ ಕಳಚಿ ಉದುರುತ್ತವೆ, ನಡುವಿನ ದಿಂಡು ಮಾತ್ರ ಕೊಂಬೆಯ ಮೇಲೆ ನಿಂತಿರುತ್ತದೆ. ನನ್ನ ಅಂಗೈಗೆ ಬಿದ್ದ ಶಲ್ಕದ ಒಳಮೈ ನುಣುಪಾಗಿತ್ತು. ಅದಕ್ಕೆ ಅಂಟಿಕೊಂಡು ಎರಡು ಬೀಜ, ಒಂದೊಂದಕ್ಕೂ ಅಗಲವಾದ ತೆಳು ರೆಕ್ಕೆ. ಉಗುರಿನಿಂದ ಮೀಟಿದರೆ ರೆಕ್ಕೆಸಮೇತ ಎದ್ದು ಬಂತು. ರೆಕ್ಕೆ ಬಂದದ್ದು ಶಲ್ಕದ ಮೇಲ್ಪದರದಿಂದಲೇ. ಬೀಜವನ್ನು ಮೇಲಕ್ಕೆ ಎಸೆದೆ. ಗಿರ್ರನೆ ತಿರುಗುತ್ತ ಕೆಳಗಿನ ಸೇಬುತೋಟದ ಕಡೆ ಹೋಯಿತು. ಅದೇ ಮರದ ಕೆಳಗಿನ ಕೊಂಬೆಯೊಂದರಲ್ಲಿ ಸೂಜಿಗಳ ನಡುವೆ ಒಂದು ಸೆಂಟಿಮೀಟರೂ ಇಲ್ಲದ ತಿಳಿಹಸಿರು ಹೆಣ್ಣು ಶಂಕು. ಈ ದಿನಗಳಲ್ಲಿ ಪರಾಗ ಹಿಡಿದಿಟ್ಟುಕೊಂಡು, ಹಿಮದಡಿ ಚಳಿಗಾಲ ಕಳೆದು, ಬರುವ ಬೇಸಿಗೆಯಲ್ಲಿ ನಿಷೇಚನಗೊಂಡು, ಮುಂದಿನ ಅಕ್ಟೋಬರಿಗೆ ಅದು ಮಾಗುತ್ತದೆ.

ಮಧ್ಯಾಹ್ನ ಊರಿಗಿಳಿದರೆ ಅಲ್ಲಿ ಚಿಲ್ಗೋಜಾ ಸುಗ್ಗಿ. ಮರ ಹತ್ತಿದ ಗಂಡಸರು ಕೊಕ್ಕೆ ಕಟ್ಟಿದ ಉದ್ದ ಕೋಲಿನಿಂದ ಹಸಿರು ಶಂಕುಗಳನ್ನು ಕಿತ್ತು ಕೆಡವುತ್ತಿದ್ದರು. ಶಂಕು ಬಿರಿಯುವ ಮುಂಚೆಯೇ ಕೀಳಬೇಕು. ಬಿರಿದರೆ ಹಕ್ಕಿ, ಇಲಿಗಳ ಪಾಲು. ಕಡಿದಾದ ಇಳಿಜಾರು, ಕೆಳಗೆ ನೂರಾರು ಅಡಿ ಪ್ರಪಾತ. ಅಂಥಲ್ಲಿ ಕೊಂಬೆಯ ತುದಿಯವರೆಗೆ ಹೋಗುವವರ ಧೈರ್ಯ ಕಂಡು ಮೈ ಜುಮ್ಮೆಂದಿತು. ನಾನು ತಂಗಿದ್ದ ಮನೆಯ ಅಂಗಳದಲ್ಲಿ ಶಂಕುಗಳ ರಾಶಿ ಬಿಸಿಲಿಗೆ ಒಣಗುತ್ತಿತ್ತು. ಒಂದೊಂದೂ ಅಂಗೈ ತುಂಬುವಷ್ಟು, ಹಿಂದಕ್ಕೆ ಬಾಗಿದ ಕೊಕ್ಕಿನ ದಪ್ಪ ಶಲ್ಕಗಳು, ಮೈಯೆಲ್ಲ ರಾಳ. ಹಸಿರು ಪಟ್ಟಿಯ ಕಿನ್ನೌರಿ ಟೋಪಿ ತೊಟ್ಟ ಮನೆಯಾಕೆ ಬಿರಿದ ಶಂಕುಗಳನ್ನು ಕಲ್ಲಿಗೆ ಕುಟ್ಟಿ ಬೀಜ ಉದುರಿಸುತ್ತಿದ್ದರು. ಕೈಗೆಲ್ಲ ರಾಳ ಮೆತ್ತಿ ಕಪ್ಪಾಗಿತ್ತು.

"ಮಾತಾಜಿ, ಈ ಮರ ಪ್ರತಿ ವರ್ಷವೂ ಇಷ್ಟು ಕೊಡುತ್ತದೆಯೇ?" ಎಂದು ಕೇಳಿದೆ.

"ಇಲ್ಲ ಬೇಟಾ. ಒಂದು ವರ್ಷ ತುಂಬ ಕೊಟ್ಟರೆ ಆಮೇಲೆ ಸುಧಾರಿಸಿಕೊಳ್ಳುತ್ತದೆ. ಈಗ ಕೀಳುವಾಗಲೇ ಮುಂದಿನ ವರ್ಷದ್ದು ಎಷ್ಟಿದೆ ಅಂತ ಕಾಣುತ್ತದೆ, ನೋಡು." ಆಕೆ ಒಂದು ಮುರಿದ ಕೊಂಬೆ ಎತ್ತಿ ತೋರಿಸಿದರು. ತುದಿಯಲ್ಲಿ ಗಟ್ಟಿಯಾದ ಎರಡು ಪುಟ್ಟ ಕಾಯಿ. ಈ ಬೇಸಿಗೆಯಲ್ಲಿ ಪರಾಗ ಪಡೆದು, ಅಂಡಾಣು ಹುಟ್ಟಲೆಂದು ಕಾಯುತ್ತಿದ್ದವು ಅವು. ಕೋಲಿನಿಂದ ಕೊಂಬೆ ಮುರಿದರೆ ಬರುವ ವರ್ಷದ ಬೆಳೆಯೂ ಅದರೊಂದಿಗೇ ಹೋಗುತ್ತದೆ ಎಂದು ಆಕೆಯೇ ಹೇಳಿದರು. ಸಸ್ಯಶಾಸ್ತ್ರದ ಒಂದು ಅಧ್ಯಾಯ ಆ ಮಾತಿನಲ್ಲಿತ್ತು.

ಆಕೆ ಕೊಟ್ಟ ಹಸಿ ಬೀಜವೊಂದನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ ಕಂದು ಸಿಪ್ಪೆ ತೆಗೆದೆ. ಒಳಗೆ ಎರಡು ಸೆಂಟಿಮೀಟರ್ ಉದ್ದದ ದಂತಬಣ್ಣದ ತಿರುಳು. ತಿನ್ನುವ ಮುಂಚೆ ಉಗುರಿನಿಂದ ಉದ್ದಕ್ಕೆ ಸೀಳಿದೆ. ತಿರುಳಿನ ನಟ್ಟನಡುವೆ ಒಂದು ಸಪೂರ ಟೊಳ್ಳು, ಅದರಲ್ಲಿ ಮಲಗಿದ ಬಿಳಿಯ ಕಡ್ಡಿ. ಒಂದು ತುದಿ ಚೂಪು, ಅದು ಬೇರಾಗುವ ಕಡೆ. ಇನ್ನೊಂದು ತುದಿಯನ್ನು ಮಸೂರದಲ್ಲಿ ನೋಡಿದರೆ ಸೀಳು ಸೀಳಾಗಿ ಹಲವು ಬೀಜದಳಗಳು ಒತ್ತೊತ್ತಾಗಿ ಸೇರಿದ್ದವು. ಅವರೆಯಲ್ಲಿ ಎರಡು, ಜೋಳದಲ್ಲಿ ಒಂದು ಎಂದು ಎಣಿಸಿ ಬೆಳೆದ ನಮಗೆ ಇದು ಹೊಸದು. ಆ ಕಡ್ಡಿಯೇ ಮುಂದಿನ ಮರ. ಸುತ್ತಲಿನ ಎಣ್ಣೆತಿರುಳು ಅದರ ಬುತ್ತಿ.

ಆ ಬುತ್ತಿ ಎಲ್ಲಿಂದ ಬಂತು ಎಂಬುದರಲ್ಲಿ ಶಂಕುಮರಕ್ಕೂ ಹೂಗಿಡಕ್ಕೂ ಇರುವ ದೊಡ್ಡ ವ್ಯತ್ಯಾಸವಿದೆ. ತೆಂಗನ್ನೇ ತೆಗೆದುಕೊಳ್ಳಿ. ಪರಾಗನಾಳ ತಂದ ಎರಡು ಗಂಡುಕೋಶಗಳಲ್ಲಿ ಒಂದು ಅಂಡಾಣುವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಬೇರೆ ನ್ಯೂಕ್ಲಿಯಸ್‌ಗಳನ್ನು ಕೂಡಿ ಆಹಾರದ ಅಂಗಾಂಶವಾಗುತ್ತದೆ. ಎಳನೀರೂ ಕೊಬ್ಬರಿಯೂ ಹುಟ್ಟುವುದು ಹೀಗೆ. ರಷ್ಯಾದ ಸೆರ್ಗೈ ನವಾಶಿನ್ 1898ರಲ್ಲಿ ಕಂಡುಹಿಡಿದ ಇಮ್ಮಡಿ ನಿಷೇಚನ ಇದು. ಅಕ್ಕಿ, ಗೋಧಿ, ರಾಗಿಯ ಹಿಟ್ಟೆಲ್ಲ ಅದರ ಫಲ. ಅಲ್ಲಿ ಭ್ರೂಣ ಖಾತ್ರಿಯಾದ ಮೇಲೆಯೇ ಅಡುಗೆ. ಪೈನಿನಲ್ಲಿ ಅಡುಗೆಗೆ ಕೈಹಾಕುವುದು ಮೊದಲೇ. ನಾನು ಸೀಳಿದ ತಿರುಳು ಆ ಬೆಳಕು ಕಾಣದ ಹೆಣ್ಣು ಸಸ್ಯದ ಮೈ. ನಿಷೇಚನದ ಮುಂಚೆಯೇ ಬೆಳೆದು ನಿಂತದ್ದು. ಕೊಬ್ಬು ತುಂಬಿಕೊಂಡದ್ದು ಆಮೇಲಾದರೂ ಅದರಲ್ಲಿ ತಂದೆಯ ಪಾಲು ಒಂದು ಎಳೆಯೂ ಇಲ್ಲ. ಚಿಲ್ಗೋಜಾ ತಿನ್ನುವವರು ತಿನ್ನುವುದು ಬಹುಮಟ್ಟಿಗೆ ತಾಯಿಯನ್ನೇ.

ಹಾಗೆಂದು ತಂದೆಯದು ಬರೀ ನೆಪವಲ್ಲ. ಹೆಚ್ಚಿನ ಹೂಗಿಡಗಳಲ್ಲಿ ಎಲೆಯನ್ನು ಹಸಿರಾಗಿಸುವ ಕ್ಲೋರೋಪ್ಲಾಸ್ಟ್‌ಗಳು ತಾಯಿಯಿಂದ ಬರುತ್ತವೆ. ಪೈನ್‌ಗಳಲ್ಲಿ ಅವು ಬರುವುದು ಪರಾಗದಿಂದ. ನನ್ನ ತೋಳಿನ ಮೇಲೆ ಕಂಡಂಥ ಹಳದಿ ಪುಡಿಯಲ್ಲಿ ಒಂದು ಕಾಡಿನ ಹಸಿರು ಅಡಗಿರುತ್ತದೆ ಎಂದು ನೆನೆದಾಗ ನನಗೆ ಆಗುವ ಸಂತೋಷವನ್ನು ಹೇಗೆ ಹೇಳಲಿ! ಇನ್ನೊಂದು ಮಾತು: ಪೈನಿನ ಒಂದು ನಿಷೇಚನದಿಂದ ಒಂದೇ ಭ್ರೂಣ ಹೊರಡುವುದಿಲ್ಲ. ಅದು ಎಳೆಯದಿರುವಾಗಲೇ ಸೀಳಿ ನಾಲ್ಕಾಗುತ್ತದೆ. ನಾಲ್ಕೂ ತಿರುಳಿನೊಳಕ್ಕೆ ನುಗ್ಗುತ್ತವೆ. ಸಾಮಾನ್ಯವಾಗಿ ಒಂದು ಉಳಿಯುತ್ತದೆ, ಉಳಿದವು ಕರಗಿಹೋಗುತ್ತವೆ.

ನಮ್ಮ ಸಹ್ಯಾದ್ರಿಯ ಕಾಡಿನಲ್ಲೂ ಶಂಕು ಬಿಡುವ ಒಂದು ಪ್ರಾಚೀನ ಗಿಡವಿದೆ, ಸೈಕಸ್. ತಾಳೆಯ ಮರಿ ಎಂದು ತಿಳಿದು ದಾಟಿಹೋಗುವವರೇ ಹೆಚ್ಚು. ಗಂಡುಗಿಡದ ನೆತ್ತಿಯಲ್ಲಿ ಎದ್ದು ನಿಲ್ಲುವ ಶಂಕು ನೋಡಿದರೆ ಮತ್ತೆ ಮರೆಯುವಂತಿಲ್ಲ. ಪೈನಿನ ಗಂಡುಕೋಶಕ್ಕೆ ಈಜಲು ಬರುವುದಿಲ್ಲ, ನಾಳವೇ ಅದನ್ನು ಒಯ್ಯುತ್ತದೆ. ಸೈಕಸ್‌ನ ಗಂಡುಕೋಶ ಇಂದಿಗೂ ಈಜುತ್ತದೆ. ನೀರಿನಲ್ಲಿ ಈಜಿ ಅಂಡಾಣು ಸೇರುತ್ತಿದ್ದ ಜರೀಗಿಡಗಳ ಕಾಲದ ಆ ಹಳೆಯ ವಿದ್ಯೆಯನ್ನು ಬೀಜ ಕಟ್ಟುವ ಗಿಡದಲ್ಲೂ 1896ರಲ್ಲಿ ಜಪಾನಿನ ಇಬ್ಬರು ಕಂಡುಹಿಡಿದರು: ಹಿರಾಸೆ ಗಿಂಕ್ಗೋ ಮರದಲ್ಲಿ, ಇಕೆನೋ ಸೈಕಸ್‌ನಲ್ಲಿ. ಶಂಕುಮರಗಳು ಆ ಈಜನ್ನು ಬಿಟ್ಟು ಗಾಳಿಯನ್ನೂ ನಾಳವನ್ನೂ ನಂಬಿದ್ದರಿಂದ ಕಿನ್ನೌರಿನಂಥ ಒಣ ಬೆಟ್ಟವನ್ನು ಏರಲು ಅವಕ್ಕೆ ಸಾಧ್ಯವಾಯಿತು ಎಂದು ಅಲ್ಲಿ ನಿಂತಾಗ ಮನವರಿಕೆಯಾಗುತ್ತದೆ.

ಆದರೆ ಚಿಲ್ಗೋಜಾ ಅರ್ಧ ಮಾತ್ರ ಗಾಳಿಯ ಮರ. ಪರಾಗಕ್ಕೆ ಗಾಳಿ ಬೇಕು. ಬೀಜ ಹರಡಲು ಗಾಳಿಯಿಂದ ಆಗದು. ಅಷ್ಟು ಭಾರದ ಬೀಜಕ್ಕೆ ಇರುವ ರೆಕ್ಕೆ ಒಂದು ಮೋಟು ಪಟ್ಟಿ, ಅದೂ ಶಲ್ಕಕ್ಕೇ ಅಂಟಿ ಉಳಿಯುತ್ತದೆ. ಬೀಜವನ್ನು ಒಯ್ದು ಮಣ್ಣಲ್ಲಿ ಹೂತಿಟ್ಟು, ಕೆಲವನ್ನು ಮರೆಯುವ ಹಕ್ಕಿಗಳು ಮತ್ತು ದಂಶಕಗಳೇ ಇದನ್ನು ನೆಡುವವರು. ಅವುಗಳಿಗೆ ಸಿಗುವ ಮುಂಚೆ ಈಗ ಮನುಷ್ಯನ ಕೊಕ್ಕೆ ತಲುಪುತ್ತದೆ. ಕಿನ್ನೌರಿನ ಜನಕ್ಕೆ ಈ ಬೀಜ ಕೀಳುವ ಪಾರಂಪರಿಕ ಹಕ್ಕಿದೆ, ಅದು ಅವರ ಚಳಿಗಾಲದ ದುಡ್ಡು. ನವೆಂಬರಿನಲ್ಲಿ ರಾಮಪುರದ ಲವಿ ಜಾತ್ರೆಯಲ್ಲಿ ಚಿಲ್ಗೋಜಾ ರಾಶಿ ರಾಶಿ ಮಾರಾಟವಾಗುತ್ತದೆ. ಮದುವೆಯಲ್ಲಿ, ಅತಿಥಿ ಬಂದಾಗ ಇದನ್ನೇ ಪೋಣಿಸಿ ಹಾರ ಹಾಕುತ್ತಾರೆ. ಆ ಹಕ್ಕನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕಿಲೋಗೆ ಸಾವಿರ ರೂಪಾಯಿಗೂ ಮಿಕ್ಕಿ ಬೆಲೆ ಬಂದ ಮೇಲೆ ಮರದಲ್ಲಿ ಒಂದು ಶಂಕುವನ್ನೂ ಉಳಿಸದೆ ಕೀಳುವುದು ನಡೆದಿದೆ. ಮೊಳೆತ ಕೆಲವನ್ನು ಕುರಿ, ಮೇಕೆ ಮೇಯುತ್ತವೆ. ಅಲ್ಲಿ ತಿರುಗಾಡಿದಾಗ ದಪ್ಪ ಬೊಡ್ಡೆಯ ಹಳೆಯ ಮರಗಳು ಬೇಕಾದಷ್ಟು ಕಂಡವು; ಮೊಣಕಾಲೆತ್ತರದ ಸಸಿಯನ್ನು ಹುಡುಕಬೇಕಾಯಿತು. ಜಾಗತಿಕ ಸಂರಕ್ಷಣಾ ಸಂಘಟನೆ ಐಯುಸಿಎನ್ ಈ ಮರವನ್ನು ಅಪಾಯದ ಅಂಚಿಗೆ ಬಂದಿರುವ ಪ್ರಭೇದಗಳ ಪಟ್ಟಿಯಲ್ಲಿಟ್ಟಿದೆ.

ಪರಿಹಾರ ದೊಡ್ಡದೇನಲ್ಲ. ಪ್ರತಿ ಕಾಡಿನಲ್ಲೂ ಕೆಲವು ಮರಗಳನ್ನು ಸರದಿಯ ಮೇಲೆ ಮುಟ್ಟದೆ ಬಿಡಬೇಕು, ಕೊಂಬೆ ಮುರಿಯದೆ ಶಂಕು ಕೀಳಬೇಕು, ಸಸಿ ಬಂದಲ್ಲಿ ಕೆಲವು ವರ್ಷ ಮೇಯಿಸುವುದನ್ನು ನಿಲ್ಲಿಸಬೇಕು. ಇದನ್ನು ಮಾಡುವ ಊರಿಗೆ ಕೊಳ್ಳುವವರ ಬೆಂಬಲ ಬೇಕು. ಬೆಂಗಳೂರಿನಲ್ಲೂ ದೊಡ್ಡ ಡ್ರೈಫ್ರೂಟ್ಸ್ ಅಂಗಡಿಗಳಲ್ಲಿ ಚಿಲ್ಗೋಜಾ ಸಿಗುತ್ತದೆ. ಕೊಳ್ಳುವಾಗ ಇದು ಎಲ್ಲಿಯದು, ಯಾರು ಕಿತ್ತದ್ದು ಎಂದು ದಯವಿಟ್ಟು ಕೇಳಿ. ಕಿನ್ನೌರಿಗೆ ಹೋಗುವುದಾದರೆ ಅಕ್ಟೋಬರಿನಲ್ಲಿ ಹೋಗಿ, ಊರಿನವರ ಕೈಯಿಂದಲೇ ಕೊಳ್ಳಿ, ಹುರಿಯದ ಒಂದು ಬೀಜವನ್ನು ಮಕ್ಕಳ ಮುಂದೆ ಉದ್ದಕ್ಕೆ ಸೀಳಿ ತೋರಿಸಿ.